ಅಮಾರೋಟ್ ನಗರದ ಅಧಿಕಾರವಿನ್ಯಾಸ

ಥಾಮಸ್ ಮೋರನು 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಯುಟೋಪಿಯಾ’ ಕೃತಿಯನ್ನು ಬಹುಮಂದಿ ಸಮಾನಸ್ವತ್ತಿನ ಕಲ್ಪನೆಗಾಗಿ ಸ್ಮರಿಸುವರು. ಮೋರನ ಜಾಣ್ಮೆ ಹೆಚ್ಚಾಗಿ ಕಾಣುವುದು ಅಮಾರೋಟ್ ಮೊದಲಾದ ನಗರಗಳ ಅಧಿಕಾರವಿನ್ಯಾಸದಲ್ಲಿ. ಮೂವತ್ತು ಮನೆತನಗಳು ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಆರಿಸುವುವು. ಅಂತಹ ಹತ್ತು ಮಂದಿಯ ಮೇಲೆ ಮತ್ತೊಬ್ಬನು. ನಗರದ ನಾಲ್ಕು ಭಾಗಗಳಿಂದ ಜನರು ಸೂಚಿಸಿದ ನಾಲ್ವರಲ್ಲಿ ಒಬ್ಬನನ್ನು ಇನ್ನೂರು ಅಧಿಕಾರಿಗಳು ಗುಪ್ತಮತದಿಂದ ಅಧಿಪತಿಯನ್ನಾಗಿ ಮಾಡುವರು. ಅವನ ಪದವಿ ಜೀವಾವಧಿಯದು. ದಬ್ಬಾಳಿಕೆಯ ಶಂಕೆ ಹುಟ್ಟಿದರೆ ಪದಚ್ಯುತಿ. ವಿಷಯವು ಮಂಡಿತವಾದ ದಿನವೇ ಅದನ್ನು ಚರ್ಚಿಸುವಂತಿಲ್ಲ. ಮೊದಲು ಆಡಿದ ಮಾತನ್ನು ಉಳಿಸಿಕೊಳ್ಳುವ ಹಟಕ್ಕೆ ನಗರದ ಹಿತವು ಬಲಿಯಾಗಬಾರದಷ್ಟೆ. ಸಭೆಗಳಲ್ಲಿ ಕುಳಿತು ಬಲ್ಲವರು ಈ ನಿಯಮಕ್ಕೆ ತಲೆದೂಗದಿರಲಾರರು.

ಆದರೆ ಇದೇ ವಿನ್ಯಾಸದೊಳಗೆ ಇನ್ನೊಂದು ವಿಧಿಯುಂಟು: ಸಭೆಯ ಹೊರಗೆ ರಾಜ್ಯಕಾರ್ಯವನ್ನು ಸಮಾಲೋಚಿಸಿದವರಿಗೆ ಮರಣದಂಡನೆ. ಅಧಿಪತಿಯೂ ಅಧಿಕಾರಿಗಳೂ ಕೂಡಿ ಪ್ರಜೆಗಳನ್ನು ತುಳಿಯದಿರಲೆಂಬುದು ಇದಕ್ಕೆ ಕೊಟ್ಟ ಕಾರಣ. ಅವರು ಸಭೆಯಲ್ಲಿಯೇ ಒಂದಾದರೋ? ಪದಚ್ಯುತಿಗೆ ಬೇಕಾದ ಶಂಕೆಯು ಮೊದಲು ಜಗಲಿಯಲ್ಲಿ, ನೆರೆಯವನ ಕಿವಿಯಲ್ಲಿ ಮಾತಾಗಬೇಕು. ಆ ಮಾತಿಗೇ ಇಲ್ಲಿ ಕೊಲೆ. ಮದ್ದಿನ ಬೇರನ್ನು ಮೋರನು ತಾನೇ ಕಿತ್ತಿದ್ದಾನೆ. ಗುಲಾಮರಿಗಂತೂ ಈ ವ್ಯವಸ್ಥೆಯಲ್ಲಿ ಮತವೇ ಇಲ್ಲ. ಗ್ರಂಥಾಂತ್ಯದಲ್ಲಿ ಆತನು ತನಗೆ ಒಪ್ಪಿಗೆಯಾಗದವೆಂದು ಯುದ್ಧಕ್ರಮವನ್ನೂ ಆರಾಧನೆಯನ್ನೂ ಮುಖ್ಯವಾಗಿ ಸಮಾನಸ್ವತ್ತನ್ನೂ ಹೆಸರಿಸುವನು. ಈ ವಿಧಿಯ ಹೆಸರೆತ್ತುವುದಿಲ್ಲ.