ಆರಂಗುಲದ ನಾಯಕನಿಗೆ ಸಂದ ಗೌರವ

ಡಿಸಿ ಕಾಮಿಕ್ಸ್‌ನ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅನೇಕ ಸಲ ಕಥೆಗಿಂತ ಮೊದಲು ಮುಖಪುಟ ಬರೆಸುತ್ತಿದ್ದರು. ನಾಯಕ ಪಾರಾಗಲಾರದಂಥ ಒಂದು ಪೇಚನ್ನು ಚಿತ್ರದಲ್ಲಿ ಒಡ್ಡಿ, ಅದರ ಕಾರಣವನ್ನೂ ಬಿಡುಗಡೆಯನ್ನೂ ಹುಡುಕುವ ಕೆಲಸವನ್ನು ಲೇಖಕನಿಗೆ ಬಿಡುವುದು ಅವರ ಪದ್ಧತಿ. ಅವಧಾನದ ಸಮಸ್ಯಾಪೂರ್ತಿಯನ್ನು ಬಲ್ಲವರಿಗೆ ಇದರ ಖುಷಿ ಬೇಗ ಅರ್ಥವಾಗುತ್ತದೆ. 2004ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಡಿಸಿ ಕಾಮಿಕ್ಸ್ ಇದೇ ಪದ್ಧತಿಯಿಂದ ನಮನ ಸಲ್ಲಿಸಿತು. ಎಂಟು ಬಿಡಿ ಸಂಚಿಕೆಗಳು. ಪ್ರತಿಯೊಂದಕ್ಕೂ ಶ್ವಾರ್ಟ್ಸ್ ಕಾಲದ ಒಂದು ಮುಖಪುಟ, ಆ ಚಿತ್ರಕ್ಕೆ ಎರಡು ಹೊಸ ಕಥೆ.

ಈ ಎಂಟರಲ್ಲಿ 'ಆಟಮ್' ಸಂಚಿಕೆಗೇ ಪದ್ಧತಿ ಹೆಚ್ಚು ಒಗ್ಗಿದೆ. ಅದರ ಲೇಖಕರಾದ ಮಾರ್ಕ್ ವೇಡ್ ಮತ್ತು ಡೇವ್ ಗಿಬ್ಬನ್ಸ್ ಅವರಿಗೆ ಸಿಕ್ಕಿದ ಸಮಸ್ಯೆ ಗ್ರೆನೇಡ್ ಸವಾರಿ. ಮುಷ್ಟಿಯಲ್ಲಿ ಹಿಡಿಯುವ ವಸ್ತುವೇ ವಾಹನವಾಗಬೇಕು, ಅದೇ ಮೃತ್ಯುವೂ ಆಗಬೇಕು. ಸೂಪರ್‌ಮ್ಯಾನ್‌ನ ಮುಂದೆ ಗ್ರೆನೇಡ್ ಒಂದು ಆಟದ ಸಾಮಾನು. ಆರು ಅಂಗುಲದ ಆಟಮ್‌ಗೆ, ಅಂದರೆ ರೇ ಪಾಮರ್‌ಗೆ, ಅದು ಇಡೀ ಭೂಪ್ರದೇಶ.

1961ರಲ್ಲಿ ಲೇಖಕ ಗಾರ್ಡ್ನರ್ ಫಾಕ್ಸ್ ಮತ್ತು ಚಿತ್ರಕಾರ ಗಿಲ್ ಕೇನ್ ರೂಪಿಸಿದ ಈ ಭೌತವಿಜ್ಞಾನಿ ಶ್ವೇತಕುಬ್ಜ ನಕ್ಷತ್ರದ ತುಣುಕಿನಿಂದ ಮಸೂರ ಮಾಡಿ ಕುಗ್ಗುತ್ತಾನೆ. ಕುಗ್ಗುವುದಷ್ಟೇ ಆಗಿದ್ದರೆ ಅವನು ಬೇಗ ಬೇಸರ ತರಿಸುತ್ತಿದ್ದ. ತೂಕವೂ ಅವನ ಹಿಡಿತದಲ್ಲಿದೆ: ಗಾಳಿಯಲ್ಲಿ ತೇಲುತ್ತ ಬಂದು, ಪೂರ್ಣ ಮನುಷ್ಯನ ಭಾರದಿಂದ ದವಡೆಗೆ ಗುದ್ದುತ್ತಾನೆ. ಟೆಲಿಫೋನ್ ತಂತಿಯೊಳಗೆ ನುಗ್ಗಿ ಇನ್ನೊಂದು ಊರಿನ ರಿಸೀವರ್‌ನಿಂದ ಹೊರಬೀಳುತ್ತಾನೆ. ಇದನ್ನೆಲ್ಲ ನಂಬಿಸಿದ್ದು ಕೇನ್ ಅವರ ರೇಖೆ. ಅವರ ಆಟಮ್ ಚಿಕ್ಕವನಾಗಿ ಕಾಣುವುದಿಲ್ಲ. ಮೈಯೆಲ್ಲ ಬಿಲ್ಲಿನಂತೆ ಬಾಗಿದ ಜಿಗಿತಗಾರ ಅವನು, ಸುತ್ತಲಿನ ವಸ್ತುಗಳೇ ಬೆಳೆದುಬಿಟ್ಟಿರುತ್ತವೆ. ಸಂಪಾದಕರ ಹೆಸರಿನ ನಮನದಲ್ಲಿ ಈ ಋಣ ಸಾಕಷ್ಟು ಸಂದಿಲ್ಲ ಎಂಬುದು ನನ್ನ ತಕರಾರು. 2000ದಲ್ಲೇ ತೀರಿಹೋದ ಕೇನ್ ಅವರಿಗೆ ಇದು ಅರ್ಧ ಪಾಲಿನ ಗೌರವವಾದರೂ ಆಗಬೇಕಿತ್ತು.

ಆದರೂ ನಾನು ಈ ಪುಟ್ಟ ಸಂಚಿಕೆಯ ಪರ. ಅದಕ್ಕೆ ಕಾರಣ ಅದೇ 2004ರಲ್ಲಿ ಆರಂಭವಾದ 'ಐಡೆಂಟಿಟಿ ಕ್ರೈಸಿಸ್'. ಬ್ರಾಡ್ ಮೆಲ್ಟ್‌ಜರ್ ಬರೆದ ಆ ಸರಣಿಯಲ್ಲಿ ರೇ ಪಾಮರ್‌ನ ಮಾಜಿ ಹೆಂಡತಿ ಜೀನ್ ಲೋರಿಂಗ್ ಅವನದೇ ತಂತ್ರದಿಂದ ಕುಗ್ಗಿ, ಗೆಳೆಯನ ಹೆಂಡತಿಯ ಮಿದುಳಿನೊಳಗೆ ಹೊಕ್ಕು ಅವಳನ್ನು ಕೊಲ್ಲುತ್ತಾಳೆ. ನಾಲ್ಕು ದಶಕಗಳ ಬೆರಗನ್ನು ಕೊಲೆಯ ಆಯುಧ ಮಾಡಿದ ಮೇಲೆ ಆ ನಾಯಕನಿಗೆ ಉಳಿದದ್ದು ಕಣ್ಮರೆಯಾಗುವುದೊಂದೇ. ಆ ಕಥೆ ಗಂಭೀರವೆನಿಸಿಕೊಂಡಿತು, ಚರ್ಚೆಯಾಯಿತು. ನನಗೆ ಅದರಲ್ಲಿ ಕಂಡದ್ದು ಕಲ್ಪನೆಯ ಬಡತನ. ಕುಗ್ಗಿದವನ ಕಣ್ಣಿಗೆ ಜಗತ್ತು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ನಮನ ಸಂಚಿಕೆಗೆ ಆ ಪ್ರಶ್ನೆಯ ಹೊರತು ಬೇರೆ ಬಂಡವಾಳವೇ ಇಲ್ಲ. ಒಂದೇ ಚಿತ್ರಕ್ಕೆ ಅದು ಎರಡು ಉತ್ತರ ಕೊಡುತ್ತದೆ, ಮೂರನೆಯದಕ್ಕೂ ಜಾಗ ಬಿಡುತ್ತದೆ.