ಟ್ಯಾಂಕಿನ ನೆತ್ತಿಯ ಮೇಲಿನ ಹೋಸ್‌ಗಳು

ಅಮೆರಿಕದ ಜನರಲ್ ಮೋಟಾರ್ಸ್ 1973ರಿಂದ 1978ರವರೆಗೆ ಜಿಎಂಸಿ ಹೆಸರಿನಲ್ಲಿ ತಯಾರಿಸಿದ ಮೋಟಾರ್‌ಹೋಮ್ ಹಳೆಯ ವಾಹನಪ್ರಿಯರಲ್ಲಿ ಇವತ್ತಿಗೂ ಬೇಡಿಕೆ ಉಳಿಸಿಕೊಂಡಿದೆ. 7.5 ಲೀಟರಿನ ಓಲ್ಡ್ಸ್‌ಮೊಬೈಲ್ ಎಂಜಿನ್ (ಕೊನೆಯ ವರ್ಷಗಳಲ್ಲಿ 6.6 ಲೀಟರಿನದು) ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಶಾಫ್ಟ್ ಹೋಗುವುದಿಲ್ಲ, ಆದ್ದರಿಂದ ಮನೆಯ ನೆಲ ತಗ್ಗಿನಲ್ಲಿದೆ. ಹತ್ತಿ ಇಳಿಯುವವರಿಗೆ ಇದು ಸುಖ. ಆದರೆ ಆ ನೆಲಕ್ಕೂ ಕೆಳಗಿನ ಎರಡು ಪೆಟ್ರೋಲ್ ಟ್ಯಾಂಕುಗಳಿಗೂ ನಡುವೆ ಕೈ ತೂರಿಸಲೂ ಜಾಗವಿಲ್ಲ. ಎರಡೂ ಸೇರಿ ಸುಮಾರು 50 ಗ್ಯಾಲನ್, ಅಂದರೆ 190 ಲೀಟರ್ ಹಿಡಿಯುತ್ತವೆ. ಹೊರಗಿನ ಬಾಯಿಯಿಂದ ಟ್ಯಾಂಕಿಗೆ ಪೆಟ್ರೋಲ್ ಇಳಿಸುವ ದಪ್ಪ ಹೋಸ್, ಒಳಗಿನ ಗಾಳಿಯನ್ನು ಮೇಲಕ್ಕೆ ಬಿಡುವ ಸಣ್ಣ ಹೋಸ್ ಎರಡೂ ಈ ಇಕ್ಕಟ್ಟಿನಲ್ಲೇ ಹಾದುಹೋಗುತ್ತವೆ. ಇವನ್ನು ಒಮ್ಮೆಯೂ ಬದಲಿಸದ ಗಾಡಿಯಲ್ಲಿ ರಬ್ಬರಿಗೆ ಅರ್ಧ ಶತಮಾನದ ವಯಸ್ಸಾಗಿರುತ್ತದೆ.

ಅಂಥ ಹಳೆಯ ಹೋಸ್‌ನ ಸೋರಿಕೆ ಕಣ್ಣಿಗೆ ಕಾಣುವ ಮುಂಚೆ ಮೂಗಿಗೆ ಗೊತ್ತಾಗುತ್ತದೆ. ಟ್ಯಾಂಕ್ ತುಂಬಿಸಿದ ದಿನ ಗಾಡಿಯೊಳಗೆಲ್ಲ ಪೆಟ್ರೋಲ್ ವಾಸನೆ. ನೂರು ಮೈಲಿ ಓಡಿದ ಮೇಲೆ ಇಲ್ಲ. ಮತ್ತೆ ತುಂಬಿಸಿದಾಗ ಮತ್ತೆ ಹಾಜರು. ಟ್ಯಾಂಕಿನ ಮೇಲ್ಭಾಗದ ಹೋಸ್ ಬಿರುಕು ಬಿಟ್ಟಿದೆ ಎನ್ನಲು ಇಷ್ಟು ಲಕ್ಷಣ ಬಹುಮಟ್ಟಿಗೆ ಸಾಕು. ಟ್ಯಾಂಕ್ ಭರ್ತಿಯಾಗಿದ್ದಾಗ ಮಾತ್ರ ಪೆಟ್ರೋಲ್ ಆ ಎತ್ತರ ಮುಟ್ಟುತ್ತದೆ. ತಿರುವಿನಲ್ಲಿ ತುಳುಕಿ ಬಿರುಕಿನಿಂದ ಜಿನುಗಿದ್ದು ಟ್ಯಾಂಕಿನ ನೆತ್ತಿಯ ಮೇಲೆಯೇ ಹರಡಿ ಆವಿಯಾಗುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳದೆ ಇರಬಹುದು. ಅದಕ್ಕೇ ಎಷ್ಟೋ ಸಲ ಮೆಕ್ಯಾನಿಕ್‌ಗಳು ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಪೆಟ್ರೋಲ್ ಪಂಪ್ ಬದಲಿಸುತ್ತಾರೆ, ವಾಸನೆ ಮಾತ್ರ ಹೋಗುವುದಿಲ್ಲ. ಟಾರ್ಚ್ ಹಿಡಿದು ಟ್ಯಾಂಕಿನ ಬದಿಯನ್ನು ನೋಡಿದರೆ ಪೆಟ್ರೋಲ್ ಇಳಿದು ಒಣಗಿದ ಕಂದು ಗೆರೆ ಸಿಗುತ್ತದೆ. ಗೆರೆ ಎಲ್ಲಿಂದ ಶುರುವಾಗಿದೆಯೋ ಅದರ ಮೇಲೆಯೇ ಗಾಯವಿರುತ್ತದೆ.

ಮೋಟಾರ್‌ಹೋಮ್‌ನಲ್ಲಿ ಈ ವಾಸನೆ ಬರೀ ಕಿರಿಕಿರಿಯಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ 1.4 ಮುಟ್ಟಿದರೆ ಕಿಡಿಯೊಂದೇ ಬಾಕಿ. ಕಾರಿನಲ್ಲಿ ಇಲ್ಲದ ಬೆಂಕಿಗಳು ಈ ಗಾಡಿಯಲ್ಲಿವೆ: ಗ್ಯಾಸಿನಿಂದ ನಡೆಯುವ ಫ್ರಿಜ್ಜಿನ ಪೈಲಟ್ ಜ್ವಾಲೆ, ನೀರು ಕಾಯಿಸುವ ಬಾಯ್ಲರ್, ಒಲೆ, ಹಿಂಬದಿಯಲ್ಲಿ ಜನರೇಟರ್. ವಾಸನೆ ಬಂದ ಕ್ಷಣ ಮೊದಲು ಮಾಡಬೇಕಾದದ್ದು ಸಿಲಿಂಡರಿನ ವಾಲ್ವ್ ಮುಚ್ಚುವುದು. ಸೋರಿಕೆ ಎಲ್ಲಿ ಎಂಬ ಹುಡುಕಾಟ ಆಮೇಲೆ.

ರಬ್ಬರ್ ಕೆಡಲು ಬರೀ ವಯಸ್ಸು ಕಾರಣವಲ್ಲ. ಎಪ್ಪತ್ತರ ದಶಕದ ಹೋಸ್‌ಗಳು ಆ ಕಾಲದ ಪೆಟ್ರೋಲಿಗೆ ತಕ್ಕವು. ಈಗ ಅಮೆರಿಕದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಅದರೊಳಗಿನ ಮೆದುಕಾರಕವನ್ನು ಹೀರಿಕೊಳ್ಳುತ್ತದೆ. ಮತ್ತೆ ಒಣಗಿದಾಗ ರಬ್ಬರ್ ಗಟ್ಟಿಯಾಗಿ ಬಗ್ಗಿಸಿದಲ್ಲೇ ಸೀಳುತ್ತದೆ. ಭಾರತದಲ್ಲಿ ಶೇ 20ರ ಮಿಶ್ರಣ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಆ ಇಂಧನವನ್ನು ತಾಳುವ ಸಾಮಗ್ರಿ ಇರುವ ವಾಹನಗಳು ಮಾರುಕಟ್ಟೆಗೆ ಬಂದದ್ದು ಆ ವರ್ಷದ ಏಪ್ರಿಲ್‌ನಿಂದ. ಅದಕ್ಕೂ ಹಳೆಯ ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೆ ಟ್ಯಾಂಕಿನ ಹೋಸ್ ಇಲ್ಲಿಯೂ ನೋಡಬೇಕಾದ ಭಾಗವೇ.

ಹೊಸ ಹೋಸ್ ಆರಿಸುವುದರಲ್ಲಿ ಜಿಪುಣತನ ಸಲ್ಲದು. ರೇಡಿಯೇಟರ್ ಹೋಸ್ ಅಳತೆಗೆ ಸರಿಹೊಂದುತ್ತದೆ, ಅಗ್ಗವಾಗಿ ಸಿಗುತ್ತದೆ, ಆದರೆ ಕೆಲಸಕ್ಕೆ ಬಾರದು: ಅದರ ಇಪಿಡಿಎಂ ರಬ್ಬರ್ ಬಿಸಿನೀರಿಗೆ ಗಟ್ಟಿ, ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಮೈಮೇಲೆ ಇಂಧನ ತುಂಬುವ ಹೋಸ್ ಎಂದು ಅಚ್ಚು ಹಾಕಿದ್ದನ್ನೇ ಕೊಳ್ಳಬೇಕು. ದೋಣಿಗಳಿಗೆಂದು ತಯಾರಾಗುವ, ಎಸ್‌ಎಇ ಜೆ1527 ಮಾನಕದ ಹೋಸ್ ಒಳ್ಳೆಯ ಆಯ್ಕೆ. ಅದರ ಗುರುತು ಓದಲು ಸುಲಭ. ಎ ಎಂದರೆ ಎರಡೂವರೆ ನಿಮಿಷದ ಬೆಂಕಿ ಪರೀಕ್ಷೆ ಪಾಸಾದದ್ದು, ಬಿ ಎಂದರೆ ಆ ಪರೀಕ್ಷೆ ಇಲ್ಲದ್ದು. ಪಕ್ಕದ ಅಂಕಿ 1 ಆದರೆ ರಬ್ಬರಿನ ಮೂಲಕ ಆವಿ ಸೋರುವುದು ಕಡಿಮೆ, 2 ಆದರೆ ಹೆಚ್ಚು. ಜನ ಮಲಗುವ ಗಾಡಿಗೆ ಎ1 ಕೊಳ್ಳುವುದೇ ವಿವೇಕ. ದಪ್ಪ ಹೋಸ್‌ನ ಗೋಡೆಯಲ್ಲಿ ಸುರುಳಿ ತಂತಿ ಇದ್ದರೆ ತಿರುವಿನಲ್ಲಿ ಚಪ್ಪಟೆಯಾಗುವುದಿಲ್ಲ. ಎಂಜಿನ್ನಿಗೆ ಹೋಗುವ ಸಣ್ಣ ಹೋಸ್‌ಗಳಿಗೆ ಎಸ್‌ಎಇ ಜೆ30ರ ಆರ್9 ಅಥವಾ ಆರ್14 ದರ್ಜೆ ನಡೆಯುತ್ತದೆ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗೆ ಮಾತ್ರ ಆರ್10 ಬೇಕು. ಹೊರಮೈ ಪೆಟ್ರೋಲಿಗೆ ತಾಳದ ಮಾಮೂಲಿ ಹೋಸ್ ಅಲ್ಲಿ ಬಾಳುವುದಿಲ್ಲ.

ಕೆಲಸದ ದೊಡ್ಡ ಪಾಲು ಟ್ಯಾಂಕ್ ಇಳಿಸುವುದು. ಭರ್ತಿಯಾದ ಒಂದೊಂದು ಟ್ಯಾಂಕಿನಲ್ಲಿ 70 ಕಿಲೋ ಪೆಟ್ರೋಲ್ ಇರುತ್ತದೆ, ಆದ್ದರಿಂದ ಗಾಡಿ ಓಡಿಸಿಯೇ ಆದಷ್ಟು ಖಾಲಿ ಮಾಡಿ, ಉಳಿದದ್ದನ್ನು ಇಂಧನದ ಕ್ಯಾನಿಗೆ ತೆಗೆಯಬೇಕು. ಜಾಗ ಬಯಲಾಗಿರಬೇಕು, ನೆಲ ಸಮವಾಗಿರಬೇಕು. ಗ್ಯಾರೇಜಿನ ಗುಂಡಿಯ ಮೇಲೆ ಈ ಕೆಲಸ ಖಂಡಿತ ಕೂಡದು. ಆವಿ ಇಳಿದು ಸೇರುವುದು ಗುಂಡಿಗೇ. ಬ್ಯಾಟರಿಯ ತಂತಿ ಬಿಚ್ಚಿ, ಗ್ಯಾಸ್ ಮುಚ್ಚಿ, ಪುಡಿ ತುಂಬಿದ ಅಗ್ನಿಶಾಮಕವನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಜಾಕ್ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕಲ್ಲ. ಟ್ಯಾಂಕಿನ ಅಡಿಗೆ ಹಲಗೆ, ಹಲಗೆಯ ಕೆಳಗೆ ಜಾಕ್ ಕೊಟ್ಟ ಮೇಲೆ ಟ್ಯಾಂಕನ್ನು ಹಿಡಿದಿರುವ ಉಕ್ಕಿನ ಪಟ್ಟಿಯ ಬೋಲ್ಟ್ ಸಡಿಲಿಸಬೇಕು. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕೆಣ್ಣೆ ಬಿಟ್ಟಿರಬೇಕು. ಗ್ರೈಂಡರ್, ಗ್ಯಾಸ್ ಕಟರ್ ಇಲ್ಲಿ ಹತ್ತಿರವೂ ಸುಳಿಯಬಾರದು. ಟ್ಯಾಂಕ್ ಸ್ವಲ್ಪ ಇಳಿದು ಕೈ ಹೋಗುವಷ್ಟು ಸಂದು ಸಿಕ್ಕಿದಾಗ ಒಂದೊಂದು ಹೋಸ್‌ಗೂ ಗುರುತಿನ ಚೀಟಿ ಕಟ್ಟಿ ಫೋಟೊ ತೆಗೆದಿಟ್ಟುಕೊಂಡರೆ, ಜೋಡಿಸುವಾಗ ಯಾವುದು ಎಲ್ಲಿಗೆ ಎಂಬ ಗೊಂದಲ ಇರುವುದಿಲ್ಲ. ಕಲ್ಲಾಗಿರುವ ಹೋಸ್ ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದರೆ ಟ್ಯಾಂಕಿನ ಮೂತಿಯೇ ಸೊಟ್ಟಗಾಗುತ್ತದೆ. ಚಾಕುವಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಬಿಡಿಸಿದಂತೆ ತೆಗೆಯಬೇಕು, ಅಲಗು ಕೆಳಗಿನ ಲೋಹದ ಮೇಲೆ ಗೀರು ಎಳೆಯದಂತೆ ನೋಡಿಕೊಳ್ಳಬೇಕು. ಆ ಗೀರೇ ಮುಂದೆ ಸೋರುವ ದಾರಿ.

ಮೂತಿಗಳನ್ನು ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿ ನೋಡಿದಾಗ ಕೆಲವೊಮ್ಮೆ ತುಕ್ಕಿನಡಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಹಾಗಿದ್ದರೆ ಹೋಸ್ ಬದಲಿಸಿ ಪ್ರಯೋಜನವಿಲ್ಲ, ಆ ಲೋಹದ ಭಾಗವನ್ನೇ ಬದಲಿಸಬೇಕು. ಹೊಸ ಹೋಸ್ ಮೂತಿಯ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಕೂರಬೇಕು. ಸಿಲಿಕೋನ್ ಅಂಟು ಬಳಿಯುವ ಚಟ ಹಲವರಿಗಿದೆ. ಪೆಟ್ರೋಲಿಗೆ ಅದು ನಿಲ್ಲುವುದಿಲ್ಲ, ಉಬ್ಬಿ ಚೂರಾಗಿ ಫಿಲ್ಟರ್ ಕಟ್ಟುತ್ತದೆ. ಕ್ಲಿಪ್ ಸ್ಟೇನ್‌ಲೆಸ್ ಉಕ್ಕಿನದಾಗಿರಲಿ, ಪಟ್ಟಿಯ ಒಳಮೈ ನಯವಾಗಿರಲಿ. ತೂತು ಕೊರೆದ ಪಟ್ಟಿ ರಬ್ಬರನ್ನು ಕೊರೆಯುತ್ತದೆ. ದಪ್ಪ ಹೋಸ್‌ನ ತುದಿಗೆ ಎರಡೆರಡು ಕ್ಲಿಪ್ ಹಾಕುವ ದೋಣಿಯವರ ಪದ್ಧತಿ ಅನುಕರಣೀಯ. ಕ್ಲಿಪ್‌ನ ತಿರುಪು ಟ್ಯಾಂಕ್ ಮೇಲೇರಿದ ಮೇಲೂ ಸ್ಪ್ಯಾನರ್‌ಗೆ ಸಿಗುವ ಕಡೆಗೇ ಇರಲಿ.

ಗಾಳಿ ಬಿಡುವ ಸಣ್ಣ ಹೋಸ್‌ನ ಕಡೆಗೆ ಗಮನ ಕಡಿಮೆ, ತೊಂದರೆ ಕೊಡುವುದು ಅದೇ ಹೆಚ್ಚು. ಪೆಟ್ರೋಲ್ ಒಳಗೆ ಇಳಿಯಬೇಕಾದರೆ ಅಷ್ಟೇ ಗಾಳಿ ಹೊರಗೆ ಬರಬೇಕು. ಗಾಳಿ ಹೋಸ್ ನಡುವೆ ಜೋಲುಬಿದ್ದರೆ ಆ ತಗ್ಗಿನಲ್ಲಿ ಪೆಟ್ರೋಲ್ ನಿಂತು ದಾರಿ ಮುಚ್ಚುತ್ತದೆ. ಗಾಳಿ ಹೊರಬರಲಾರದೆ ಪೆಟ್ರೋಲ್ ದಪ್ಪ ಹೋಸ್‌ನಲ್ಲೇ ಮೇಲೆ ಬರುತ್ತದೆ. ಬಂಕಿನ ಪಂಪಿನ ನಳಿಕೆಯ ತುದಿಯ ಸಣ್ಣ ರಂಧ್ರಕ್ಕೆ ಅದು ತಾಗಿದ ಕೂಡಲೇ ಪಂಪ್ ಟಕ್ಕೆಂದು ನಿಲ್ಲುತ್ತದೆ. ಲೀಟರಿಗೊಮ್ಮೆ ನಿಲ್ಲುವ ಪಂಪನ್ನು ಬೈಯುತ್ತ ನಿಂತವರ ಗಾಡಿಯಲ್ಲಿ ಬಹಳ ಸಲ ಇರುವ ದೋಷ ಇದು. ಟ್ಯಾಂಕಿನಿಂದ ಬಾಯಿಯವರೆಗೆ ಎಲ್ಲೂ ತಗ್ಗದೆ ಏರುತ್ತಲೇ ಹೋಗುವಂತೆ ಹೋಸ್ ಎಳೆದು, ಅಲ್ಲಲ್ಲಿ ಕಟ್ಟು ಹಾಕಬೇಕು. ಉದ್ದ ಎರಡು ಬೆರಳು ಹೆಚ್ಚಾದರೂ ಟ್ಯಾಂಕ್ ಮೇಲೇರಿದಾಗ ಮಡಿಸಿಕೊಳ್ಳುತ್ತದೆ, ಅಳತೆ ನೋಡಿಯೇ ಕತ್ತರಿಸಬೇಕು.

ಇನ್ನೊಂದು ತಂತಿಯ ಮಾತು. ರಬ್ಬರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಹೊರಬಾಯಿಯ ಲೋಹವನ್ನು ಚಾಸಿಗೆ ಸೇರಿಸುವ ಅರ್ತ್ ತಂತಿ ತುಂಡಾಗಿದ್ದರೆ ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ದಾರಿಯಿಲ್ಲ. ಬಿಚ್ಚುವಾಗ ಇದನ್ನು ಕಿತ್ತು ಮರೆತವರು ಕಡಿಮೆಯಲ್ಲ. ಮಲ್ಟಿಮೀಟರ್ ಇಟ್ಟು ಸಂಪರ್ಕ ಸರಿಯಿದೆಯೇ ಎಂದು ನೋಡಿಯೇ ಮುಂದಕ್ಕೆ ಹೋಗಬೇಕು.

ಟ್ಯಾಂಕ್ ಕೆಳಗಿರುವಾಗ ಒಂದೇ ಹೋಸ್ ಬದಲಿಸಿ ಮೇಲೇರಿಸುವುದು ದುಡ್ಡು ಉಳಿಸಿದಂತೆ ಕಂಡರೂ ಖಂಡಿತ ನಷ್ಟದ ಲೆಕ್ಕ. ಎಲ್ಲವೂ ಒಂದೇ ವಯಸ್ಸಿನವು, ಇವತ್ತು ಒಂದು ಸೋರಿದರೆ ಮುಂದಿನ ಬೇಸಿಗೆಗೆ ಇನ್ನೊಂದು. ಎಂಜಿನ್ನಿಗೆ, ಜನರೇಟರಿಗೆ ಹೋಗುವ ಹೋಸ್‌ಗಳು, ಇಂಧನ ಮಟ್ಟ ತೋರಿಸುವ ಸೆಂಡರ್‌ನ ಗ್ಯಾಸ್ಕೆಟ್ ಎಲ್ಲವನ್ನೂ ಆಗಲೇ ಬದಲಿಸಿಬಿಡಬೇಕು.

ಪರೀಕ್ಷೆಗೆ ಕಂಪ್ರೆಸರ್ ಗಾಳಿ ಹಿಡಿಯಬಾರದು, ಟ್ಯಾಂಕ್ ಆ ಒತ್ತಡಕ್ಕೆ ಮಾಡಿದ್ದಲ್ಲ. ಮೊದಲು ಇಪ್ಪತ್ತು ಲೀಟರ್ ಹಾಕಿ ಕೆಳಗಿನ ಜೋಡಣೆಗಳನ್ನು ನೋಡಿ, ಆಮೇಲೆ ಬಂಕಿನಲ್ಲಿ ಭರ್ತಿ ಮಾಡಿ ಒಣ ಬಟ್ಟೆಯಿಂದ ಎಲ್ಲ ಕ್ಲಿಪ್‌ಗಳನ್ನೂ ಒರೆಸಿ ನೋಡಬೇಕು. ಕೆಲವು ದಿನ ಓಡಿಸಿದ ಮೇಲೆ ಕ್ಲಿಪ್‌ಗಳನ್ನು ಮತ್ತೊಮ್ಮೆ ಬಿಗಿಮಾಡುವುದು ಒಳ್ಳೆಯದು, ಹೊಸ ರಬ್ಬರ್ ಸ್ವಲ್ಪ ಕುಗ್ಗಿ ಕೂರುತ್ತದೆ. ಹೋಸ್ ಹಾಕಿದ ವರ್ಷವನ್ನು ಟ್ಯಾಂಕಿನ ಬದಿಯಲ್ಲಿ ಬಣ್ಣದಿಂದ ಬರೆದಿಟ್ಟರೆ ಮುಂದಿನ ಮಾಲೀಕನಿಗೂ ಅನುಕೂಲ. ಬಂಕಿನಲ್ಲಿ ಪಂಪ್ ತಾನಾಗಿ ನಿಂತ ಮೇಲೆ ಮತ್ತೆ ಮತ್ತೆ ಒತ್ತಿ ತುಂಬಿಸಬೇಡಿ. ಹಾಗೆ ತುಂಬಿಸಿದ ಕೊನೆಯ ಅರ್ಧ ಲೀಟರ್ ಹೋಗಿ ನಿಲ್ಲುವುದು ಗಾಳಿ ಹೋಸ್‌ನಲ್ಲಿ.