ಅಳತೆಯಿಂದ ನಾದಕ್ಕೆ: ಮೂರು ಕೃತಿಗಳ ಪರಿಶೀಲನೆ

ಉಷ್ಣತೆ, ಕಾಂತಕ್ಷೋಭೆ, ಭೂಕಂಪನ ಮೊದಲಾದ ಪ್ರಾಕೃತಿಕ ವ್ಯಾಪಾರಗಳನ್ನು ಅಳೆದು ಪಡೆದ ಅಂಕಿಗಳನ್ನೇ ಸ್ವರಗಳಾಗಿ ಪರಿವರ್ತಿಸಿ ಸಂಗೀತವನ್ನು ರಚಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದುಬಂದಿದೆ. ಇಂಥ ಕೃತಿಗಳನ್ನು ಮೆಚ್ಚಿದವರು ಭೂಮಿಯೇ ಹಾಡುತ್ತಿದೆಯೆಂದು ಉದ್ಗರಿಸುವುದುಂಟು. ಉತ್ಸಾಹದ ಈ ಮಾತನ್ನು ವಿಮರ್ಶೆ ಒಪ್ಪಲಾರದು. ಇಂಥ ಅಂಕಿಗೆ ಇಂಥ ಸ್ವರ ಎಂಬ ಕಟ್ಟಳೆಯನ್ನು ಭೂಮಿ ವಿಧಿಸಿಲ್ಲ, ವಿಧಿಸಿದವನು ರಚನಕಾರ. ಆ ಕಟ್ಟಳೆಯ ಔಚಿತ್ಯವೇ ಇಲ್ಲಿ ವಿಚಾರಣೀಯ. ಅದನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕೆಂದು ತೋರುತ್ತದೆ: ಅಂಕಿಗಳು ಬೇರೆಯಾಗಿದ್ದಲ್ಲಿ ಕೇಳುವವನಿಗೆ ಅದು ಗೊತ್ತಾಗುತ್ತಿತ್ತೆ? ಗೊತ್ತಾಗದಿದ್ದರೆ ಕೃತಿಯು ವಿಜ್ಞಾನದ ಗೌರವವನ್ನು ಎರವಲು ತಂದಿದೆಯೇ ಹೊರತು ಅದರ ಸತ್ಯವನ್ನು ನುಡಿದಿಲ್ಲ.

ಅಮೆರಿಕದ ಚಾರ್ಲ್ಸ್ ಡಾಜ್ 1970ರಲ್ಲಿ ಗಣಕಯಂತ್ರದ ನೆರವಿನಿಂದ ರಚಿಸಿದ 'ಭೂಮಿಯ ಕಾಂತಕ್ಷೇತ್ರ' ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಕೊಡುವುದಿಲ್ಲ. ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು ಕಲಕುತ್ತದೆ. ಈ ಕಲಕಾಟವನ್ನು ಮೂರು ಗಂಟೆಗೊಮ್ಮೆ 28 ಮೆಟ್ಟಿಲುಗಳುಳ್ಳ ಒಂದು ಸೂಚಿಯಿಂದ ಗುರುತಿಸುತ್ತಾರೆ. ಜರ್ಮನಿಯ ಭೂಭೌತವಿಜ್ಞಾನಿ ಜೂಲಿಯಸ್ ಬಾರ್ಟೆಲ್ಸ್ ರೂಪಿಸಿದ ಇದರ ನಕ್ಷೆಯು ಸಂಗೀತದ ಸ್ವರಲಿಪಿಯನ್ನು ಹೋಲುವುದರಿಂದ ಅದಕ್ಕೆ ಸಂಗೀತನಕ್ಷೆಯೆಂಬ ಹೆಸರೇ ಬಂದಿತ್ತು. ಡಾಜ್ 1961ನೆಯ ವರ್ಷದ ಅಂಕಿಗಳನ್ನು, ಎಂದರೆ ದಿನಕ್ಕೆ ಎಂಟರಂತೆ 2,920 ಅಂಕಿಗಳನ್ನು, ಆರಿಸಿಕೊಂಡರು. ಮೊದಲ ಭಾಗದಲ್ಲಿ 28 ಮೆಟ್ಟಿಲುಗಳಿಗೆ ನಾಲ್ಕು ಸ್ಥಾಯಿಗಳ ಏಳೇಳು ಸ್ವರಗಳನ್ನು ಹೊಂದಿಸಿದರು. ಆ ಏಳು ಸ್ವರಗಳು ನಮ್ಮ ಶಂಕರಾಭರಣದವು. ಕೇಳಲು ಇಂಪಾದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಇಂಪು ಬಂದದ್ದು ಸೌರಮಾರುತದಿಂದಲ್ಲ, ಸ್ವರಸಮೂಹದ ಆಯ್ಕೆಯಿಂದ. 1962ರ ಅಂಕಿಗಳನ್ನು ಅದೇ ಕಟ್ಟಳೆಯಲ್ಲಿ ಹಾಯಿಸಿದ್ದರೆ ಶ್ರೋತೃವಿಗೆ ಯಾವ ಅನ್ಯಾಯವೂ ಆಗುತ್ತಿರಲಿಲ್ಲ. (ಕಟಪಯಾದಿ ಸೂತ್ರದಿಂದ ಧೀರಶಂಕರಾಭರಣ 29ನೆಯ ಮೇಳವೆಂದು ಹೇಳಬಲ್ಲೆವು, ಆ 29ರಿಂದ ರಾಗದ ಒಂದು ಸಂಚಾರವೂ ಹೊರಡದೆಂಬುದನ್ನು ನಮ್ಮ ವಿದ್ವಾಂಸರು ಬಲ್ಲರು.)

ಮಿನ್ನೆಸೋಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಕ್ರಾಫರ್ಡ್, ಭೂಗೋಳಶಾಸ್ತ್ರದ ಪ್ರಾಧ್ಯಾಪಕ ಸ್ಕಾಟ್ ಸೇಂಟ್ ಜಾರ್ಜ್ ಅವರ ಸಹಕಾರದಿಂದ 2013ರಲ್ಲಿ ಚೆಲ್ಲೊ ವಾದ್ಯಕ್ಕಾಗಿ ರಚಿಸಿದ 'ಬಿಸಿಯೇರುತ್ತಿರುವ ನಮ್ಮ ಗ್ರಹದ ಹಾಡು' ಇದಕ್ಕಿಂತ ಬಡಕಲಾದ ರಚನೆ. ಆದರೂ ಹೆಚ್ಚು ಪ್ರಾಮಾಣಿಕವಾದುದು. 1880ರಿಂದ 2012ರವರೆಗಿನ ಜಾಗತಿಕ ಸರಾಸರಿ ಉಷ್ಣತೆಯೇ ಇದರ ಮೂಲದ್ರವ್ಯ. ವರ್ಷಕ್ಕೊಂದು ಸ್ವರ, ಸುಮಾರು 0.03 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಒಂದು ಅರ್ಧಸ್ವರದ ಏರಿಕೆ. ಅತ್ಯಂತ ತಂಪಾಗಿದ್ದ 1909ನೆಯ ವರ್ಷಕ್ಕೆ ಚೆಲ್ಲೊವಿನ ಅತಿ ಮಂದ್ರವಾದ ತಂತಿಯ ಬಿಡಿನಾದ ದೊರೆತಿದೆ. ಇಲ್ಲಿ ಇಂಪಿನ ಆಸೆಗೆ ಯಾವ ರಾಗದ ಆಶ್ರಯವೂ ಇಲ್ಲ. ವರ್ಷಗಳ ಕ್ರಮವನ್ನು ಕಲಸಿಬಿಟ್ಟರೆ ಕೃತಿ ಕುಸಿದುಬೀಳುತ್ತದೆ. ಆದ್ದರಿಂದ ನಮ್ಮ ಪರೀಕ್ಷೆಯಲ್ಲಿ ಇದು ತೇರ್ಗಡೆಯಾಗುತ್ತದೆ. ಬಿಸಿಗೆ ತಾರಸ್ವರ, ತಂಪಿಗೆ ಮಂದ್ರ ಎಂಬುದು ಕೇವಲ ಸಂಕೇತವಲ್ಲವೆ ಎಂದು ಆಕ್ಷೇಪಿಸಬಹುದು. ಸಂಕೇತವೇ ಸರಿ. ಆದರೆ ಕೊನೆಯ ದಶಕಗಳಿಗೆ ಬರುವಾಗ ವಾದಕನ ಎಡಗೈ ತಂತಿಯ ಮೇಲೆ ಕೆಳಗಿಳಿದು ಕುದುರೆಯ ಸಮೀಪಕ್ಕೆ ಸರಿಯುತ್ತದೆ. ನಾದ ಕಿರಿದಾಗಿ ಬಿಗಿಯುತ್ತದೆ. ಗಣಕಯಂತ್ರಕ್ಕೆ ಎಲ್ಲ ಸ್ಥಾಯಿಯೂ ಸಮಾನ, ಮನುಷ್ಯನ ಕೈಗೆ ಹಾಗಲ್ಲ. ಅಂಕಿಗಳಲ್ಲಿಲ್ಲದ ಈ ಪ್ರಯಾಸವೇ ಅಂಕಿಗಳ ಅರ್ಥವನ್ನು ನಮಗೆ ಮುಟ್ಟಿಸುತ್ತದೆ.

ಅದರ ಚಿತ್ರಮುದ್ರಿಕೆಯ ಕೊನೆಗೆ ಸೇರಿಸಿದ ಒಂದು ಒಕ್ಕಣೆಯನ್ನು ಮಾತ್ರ ಪ್ರಶ್ನಿಸಬೇಕಾಗಿದೆ. ಈ ಶತಮಾನದ ಅಂತ್ಯಕ್ಕೆ ಇನ್ನೂ 1.8 ಡಿಗ್ರಿ ಏರಿದಲ್ಲಿ ಸ್ವರಗಳು ಮಾನವನ ಶ್ರವಣಶಕ್ತಿಯನ್ನು ಮೀರುವುವೆಂದು ಅಲ್ಲಿ ಹೇಳಿದೆ. ಲೆಕ್ಕ ಮಾಡಿದರೆ ಅದು 60 ಅರ್ಧಸ್ವರ, ಎಂದರೆ ಐದು ಸ್ಥಾಯಿ. ಸೆಕೆಂಡಿಗೆ ಸುಮಾರು 65 ಕಂಪನಗಳ ಮಂದ್ರದಿಂದ ಮೂರು ಸ್ಥಾಯಿ ಏರಿ, ಮತ್ತೆ ಐದು ಸ್ಥಾಯಿ ಏರಿದರೆ ಕಂಪನಗಳ ಸಂಖ್ಯೆ ಸುಮಾರು 16,700 ಆಗುತ್ತದೆ. ವಯಸ್ಸಾದ ಅಧ್ಯಾಪಕರಿಗೆ ಅದು ಕೇಳಿಸದಿರಬಹುದು; ತರುಣ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಕೇಳಿಸೀತು. ಅಂಕಿಗಳನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಕೃತಿಗೆ ಈ ಅತ್ಯುಕ್ತಿ ಬೇಕಾಗಿರಲಿಲ್ಲ.

ಅಲಾಸ್ಕದ ಫೇರ್‌ಬ್ಯಾಂಕ್ಸ್ ನಗರದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ 2006ರಲ್ಲಿ ಆರಂಭವಾದ ಜಾನ್ ಲೂಥರ್ ಆಡಮ್ಸ್ ಅವರ ಕೃತಿ ಬೇರೆಯೇ ಜಾತಿಯದು. 'ಆಲಿಸಲು ಹೋಗುವ ತಾಣ' ಎಂಬರ್ಥದ ಅದರ ಹೆಸರು ಇನ್ಯೂಪಿಯಾಕ್ ಜನರ ಒಂದು ಸ್ಥಳನಾಮದ ಅನುವಾದ. ಅದೊಂದು ಕೊಠಡಿ. ಸೂರ್ಯಚಂದ್ರರ ಸ್ಥಾನ, ಭೂಕಂಪನ, ಕಾಂತಕ್ಷೋಭೆ ಇವುಗಳ ಅಂಕಿಗಳು ಆಯಾ ಕ್ಷಣದಲ್ಲಿಯೇ ಅಲ್ಲಿ ನಾದವಾಗುತ್ತವೆ. ಗಾಜಿನ ಫಲಕಗಳ ಬಣ್ಣ ಹೊತ್ತಿಗೆ ತಕ್ಕಂತೆ ಮಾರ್ಪಡುತ್ತದೆ. ನೆಲದ ಕಂಪನ ಮದ್ದಳೆಯಂಥ ತಗ್ಗಿದ ಗುಡುಗಾಗಿಯೂ ಧ್ರುವಪ್ರಭೆಯ ಚಲನೆ ತಲೆಯ ಮೇಲಿನ ಗಂಟೆಯ ದನಿಯಾಗಿಯೂ ಕೇಳುತ್ತವೆ. ಇಲ್ಲಿಯೂ ಮನುಷ್ಯನ ಕಟ್ಟಳೆಯಿದೆ: ಆಧಾರಶ್ರುತಿಯ 24.27 ಕಂಪನಗಳು, ದಿನಕ್ಕೊಮ್ಮೆ ತಿರುಗುವ ಭೂಮಿಯ ಆವರ್ತನವನ್ನು 21 ಸ್ಥಾಯಿ ಮೇಲೇರಿಸಿದಾಗ ದೊರೆಯುವ ಸಂಖ್ಯೆ. ಆದರೆ ರಚನಕಾರ ಆದಿಯನ್ನೂ ಅಂತ್ಯವನ್ನೂ ಗೊತ್ತುಮಾಡದೆ ಬಿಟ್ಟಿದ್ದಾನೆ. ಪ್ರೇಕ್ಷಕನು ಗುಂಡಿಯೊತ್ತಿ ಮಾರ್ಪಡಿಸಬಹುದಾದದ್ದು ಏನೂ ಇಲ್ಲ. ಭೂಮಿ ಶಾಂತವಾಗಿರುವ ದಿನ ಒಳಹೊಕ್ಕವನಿಗೆ ಗುಡುಗೂ ಇಲ್ಲ, ಗಂಟೆಯೂ ಇಲ್ಲ.

ಹತ್ತು ನಿಮಿಷದ ಪ್ರವಾಸಿಗೆ ಇದು ಬೇಸರವನ್ನುಂಟುಮಾಡೀತು. ನಮ್ಮ ಪ್ರಶ್ನೆಗೂ ಅವನಿಂದ ಉತ್ತರ ದೊರೆಯದು, ಏಕೆಂದರೆ ಸುಳ್ಳು ಅಂಕಿಗಳನ್ನು ಕೊಟ್ಟರೂ ಅವನು ತಿಳಿಯಲಾರ. ತಿಳಿಯಬಲ್ಲವನು ಆ ಊರಿನಲ್ಲಿ ಬಾಳುವವನು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೂ ತುಂಬದ ಹಗಲನ್ನೂ ಜೂನಿನಲ್ಲಿ ಇಪ್ಪತ್ತೆರಡು ಗಂಟೆಗಳಷ್ಟಾಗುವ ಹಗಲನ್ನೂ ಅವನು ಹೊರಗೆ ಕಂಡೇ ಒಳಗೆ ಬರುತ್ತಾನೆ. ಹಗಲಿನ ನಾದಮೇಳ ಸೂರ್ಯನೊಡನೆ ಏರಿತೆ, ಇರುಳಿನ ಮೇಳ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅವನು ತನ್ನ ಅನುಭವದೊಡನೆ ಹೋಲಿಸಿ ನೋಡಬಲ್ಲ. ಎರಡನೆಯ ಸಲ, ಬೇರೊಂದು ಋತುವಿನಲ್ಲಿ, ಮತ್ತೆ ಬಂದು ನೋಡಬಲ್ಲ.